ಗಿರಿಜಕ್ಕ ನುಂಗಿದ ಮಾತ್ರೆಗಳು

ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಬಲ್ಲವರು ಗಿರಿಜಕ್ಕ. ಅರಸೀಕೆರೆಯಲ್ಲಿ ನಮ್ಮ ಮನೆಯೆದುರೇ ಅವರ ಬ್ಯೂಟಿ ಪಾರ್ಲರ್. ಹುಬ್ಬಿನ ಕೂದಲು ಕೀಳುವಾಗ ನಮ್ಮ ಕಣ್ಣಲ್ಲಿ ನೀರು ಬಂದರೆ, "ಅಳ್ರೇ, ಇಲ್ಲೇ ಅತ್ತುಬಿಡ್ರೇ, ಗಂಡನ ಮನೇಲಿ ಅಳೋದು ಕಮ್ಮಿ ಆಗುತ್ತೆ" ಎಂದು ನಗುವರು. ಬಾಣಾವರದಿಂದ ಹಳೇಬೀಡಿನವರೆಗೆ ಅವರು ಅಲಂಕರಿಸಿದ ಮದುವಣಗಿತ್ತಿಯರಿಗೆ ಲೆಕ್ಕವಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ನಲವತ್ತು ಹತ್ತಿರವಾದಾಗ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದರು. ಅಂಡಾಣು ತೀರ ಕಡಿಮೆ, ಇಂಜೆಕ್ಷನ್ನಿಗೂ ಸರಿಯಾಗಿ ಬೆಳೆಯುವಂತೆ ಕಾಣುವುದಿಲ್ಲ ಎಂದರು ಡಾಕ್ಟರು. ಚಿಕಿತ್ಸೆಗೆ ಮೊದಲು ಕೆಲವು ವಾರ ನುಂಗಲು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಕೆಲವರಿಗೆ ಉಪಯೋಗವಾಗಬಹುದು, ಭರವಸೆ ಕೊಡಲಾರೆ ಎಂದೂ ಹೇಳಿದ್ದರಂತೆ.

"ಅದು ಒಳಗೆ ಹೋಗಿ ಗಂಡಸಿನ ಹಾರ್ಮೋನ್ ಆಗುತ್ತಂತೆ ಕಣೇ. ತಾಯಿ ಆಗೋಕೆ ಮೊದ್ಲು ಗಂಡಸಾಗ್ಬೇಕು, ನೋಡು!" ಎಂದು ನಕ್ಕರು ಗಿರಿಜಕ್ಕ.

ಸ್ವಲ್ಪ ದಿನಕ್ಕೇ ಅವರ ಕೆನ್ನೆ ತುಂಬ ಮೊಡವೆ, ಗಲ್ಲದಡಿ ಒರಟು ಕೂದಲು. ಒಂದು ಮಧ್ಯಾಹ್ನ ನನ್ನನ್ನು ಕರೆದು, ತಾವೇ ಗಿರಾಕಿಯ ಕುರ್ಚಿಯಲ್ಲಿ ಕೂತು ದಾರ ಕೈಗಿತ್ತರು. ನನಗೆ ಬರುವುದಿಲ್ಲವೆಂದೆ.

"ಬರದಿದ್ರೂ ಕೀಳು. ಬಂದೋರೆಲ್ಲ ಅದನ್ನೇ ನೋಡ್ತಾರೆ." ನೋವಿಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಕೂದ್ಲು ಬಂದೈತೆ ಅಂದ್ರೆ ಮಾತ್ರೆ ಕೆಲಸ ಮಾಡ್ತೈತೆ ಅಂತ ಅಲ್ವೇನೇ?"

ಮಾತ್ರೆ ಮುಗಿದ ಮೇಲೆ ಬೆಂಗಳೂರಿನಲ್ಲಿ ಇಂಜೆಕ್ಷನ್ ಕೊಟ್ಟರು; ಆ ಸಲ ಸಿಕ್ಕಿದ್ದು ಒಂದೇ ಅಂಡಾಣು. ಅದೂ ಭ್ರೂಣವಾಗಲಿಲ್ಲ. ಮತ್ತೆ ಮಾತ್ರೆ, ಮತ್ತೆ ಇಂಜೆಕ್ಷನ್. ಎರಡನೆಯ ಸಲ ಆ ಒಂದೂ ಸಿಗಲಿಲ್ಲ. ಬೇರೊಬ್ಬರ ಅಂಡಾಣು ತೆಗೆದುಕೊಳ್ಳಬಹುದು ಎಂದರು ಡಾಕ್ಟರು. ಗಂಡ ಒಪ್ಪಿದರು. ಗಿರಿಜಕ್ಕನಿಗೆ ಮನಸ್ಸು ಬರಲಿಲ್ಲ.

ಅದೇ ವರ್ಷ ನಮ್ಮ ಬೀದಿಯ ಹುಡುಗಿಯೊಬ್ಬಳ ಸೀಮಂತವಾಯಿತು. ಮದುವೆಯಲ್ಲಿ ಅವಳನ್ನು ಅಲಂಕರಿಸಿದ್ದವರು ಗಿರಿಜಕ್ಕನೇ. ಸೀಮಂತಕ್ಕೆ ಮಾತ್ರ ತಿಪಟೂರಿನಿಂದ ಬೇರೊಬ್ಬಳನ್ನು ಕರೆಸಿದರು. ಗಿರಿಜಕ್ಕ ಪಾರ್ಲರಿನ ಬಾಗಿಲಲ್ಲಿ ನಿಂತು ನೋಡಿದರು.

"ಅವ್ರದ್ದೇನೂ ತಪ್ಪಿಲ್ಲ ಬಿಡು. ನಾನಾಗಿದ್ರೂ ನನ್ನಂಥೋಳನ್ನ ಕರೀತಿರ್ಲಿಲ್ಲ."

ಆಮೇಲೆ ಪಾರ್ಲರಿನ ಬಾಗಿಲು ತೆರೆಯುವುದೇ ಅಪರೂಪವಾಯಿತು. ಸರ್ಕಾರಿ ನೌಕರಿಯಲ್ಲಿದ್ದ ಗಂಡ ಬೇಲೂರಿನಾಚೆಯ ಅರೇಹಳ್ಳಿಗೆ ವರ್ಗ ಕೇಳಿ ಪಡೆದರು. ಹೊರಡುವ ದಿನ ನಾನೂ ಬಸ್ ನಿಲ್ದಾಣಕ್ಕೆ ಹೋದೆ.

"ಅಲ್ಲೂ ಪಾರ್ಲರ್ ಹಾಕ್ತೀರಾ ಅಕ್ಕ?" ಎಂದೆ.

ಅವರು ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದರು. "ಡಾಕ್ಟ್ರು ಮಾತ್ರೆ ನಿಲ್ಸಿಬಿಟ್ರು ಕಣೇ. ಇನ್ನೊಂದಷ್ಟು ದಿನ ಕೊಡಿ, ಸುಮ್ನೆ ನುಂಗ್ತೀನಿ ಅಂದೆ. ಕೊಡ್ಲಿಲ್ಲ. ನುಂಗ್ತಿದ್ರೆ ಒಳಗೆ ಏನೋ ನಡೀತೈತೆ ಅನ್ನಿಸ್ತಿತ್ತು. ಈಗ ಬೆಳಗ್ಗೆ ಎದ್ದು ಯಾವುದಕ್ಕೆ ಕಾಯ್ಲಿ?"

ಬೇಲೂರಿನ ಬಸ್ಸು ಬಂತು. ಗಂಡ ಸಾಮಾನು ಹತ್ತಿಸಿದರು. ಗಿರಿಜಕ್ಕ ಕಿಟಕಿಯ ಪಕ್ಕ ಕೂತರು, ನನ್ನ ಕಡೆ ತಿರುಗಲಿಲ್ಲ. ಆಮೇಲೆ ಎಷ್ಟೋ ಸಲ ಫೋನ್ ಮಾಡಿದ್ದೇನೆ. ಅವರು ಎತ್ತುವುದಿಲ್ಲ.