ಹತ್ತಿರದ ಅಂಗಡಿಯಲ್ಲಿ ಹೇಳ್ಕೊಡ್ತಾರೆ

ಸ್ನೇಹಿತರೇ, ಇವತ್ತು ಮಧ್ಯಾಹ್ನ ವೈಟ್‌ಫೀಲ್ಡಿನಲ್ಲಿ ರಮೇಶಣ್ಣನ ಬೋರ್ಡ್ ಗೇಮ್ ಅಂಗಡಿಯಲ್ಲಿ ಕೂತಿದ್ದೆ. ಹೆಂಗಸೊಬ್ಬರು ದೊಡ್ಡ ಡಬ್ಬಿ ಹಿಡಿದು ಬಂದರು.

"ಅಣ್ಣ, ಆನ್‌ಲೈನಲ್ಲಿ ತಗೊಂಡೆ. ಆಡೋದು ಹೇಗಂತ ಗೊತ್ತಾಗ್ಲಿಲ್ಲ. ಆಟ ತಯಾರಿಸೋ ಕಂಪನಿಗೆ ಫೋನ್ ಮಾಡಿದ್ರೆ, ನಿಮ್ಮ ಅಂಗಡೀಲಿ ಹೇಳ್ಕೊಡ್ತಾರೆ ಅಂದ್ರು."

ಅದೇ ಕಂಪನಿ ಹೋದ ತಿಂಗಳು ರಮೇಶಣ್ಣನಿಗೆ ಸರಕು ಕೊಡುವುದನ್ನು ನಿಲ್ಲಿಸಿತ್ತು. ಆನ್‌ಲೈನಿನವರು ಲಾರಿಗಟ್ಟಲೆ ಕೊಳ್ಳುವಾಗ ಇವರ ಹತ್ತು ಡಬ್ಬಿ ತಲೆನೋವಂತೆ. ಹೊಸ ಆಟಗಳಿಲ್ಲದೆ ಅಂಗಡಿ ಎಷ್ಟು ದಿನ ನಡೆಯುತ್ತದೋ ಅವರಿಗೂ ಗೊತ್ತಿಲ್ಲ. ಆದರೂ ಡಬ್ಬಿ ಬಿಚ್ಚಿ, ಅರ್ಧ ಗಂಟೆ ಕೂತು ಹೇಳಿಕೊಟ್ಟರು. ಬೇಕೆಂದೇ ಒಂದಾಟ ಸೋತರು ಕೂಡ.

ಆಕೆ ಹೋದ ಮೇಲೆ, "ನಿಮಗ್ಯಾಕ್ರೀ ಇದೆಲ್ಲ?" ಅಂದೆ.

"ಅರ್ಥ ಆಗ್ದಿದ್ರೆ ಡಬ್ಬಿ ಅಟ್ಟ ಸೇರುತ್ತೆ ಸಾರ್. ಪಾಪ, ಆಟದ್ದೇನು ತಪ್ಪು?"

ಕಂಪನಿ ಅವರನ್ನು ಪೂರ್ತಿ ಕೈಬಿಟ್ಟಿಲ್ಲ ಅನ್ನಬೇಕು. ವ್ಯಾಪಾರ ಕಿತ್ತುಕೊಂಡು, ಸಂಬಳವಿಲ್ಲದ ಮೇಷ್ಟರ ಕೆಲಸ ಕೊಟ್ಟಿದೆ.