ಒಂದು ಗೇಣು ಕೆಳಗೆ

ಹೊಳೆಗೆ ಹೋಗುವ ಭಾನುವಾರ ನನಗೆ ಬೆಳಗಿನ ಚಹಾ ಕೂಡ ಸರಿಯಾಗಿ ಗಂಟಲಿಗಿಳಿಯುವುದಿಲ್ಲ. ಐವತ್ತು ದಾಟಿದವನಿಗೆ ಇಷ್ಟು ಹುಚ್ಚು ಒಳ್ಳೆಯದಲ್ಲ ಎಂದು ಹೆಂಡತಿ ಅನ್ನುತ್ತಾಳೆ. ಅನ್ನಲಿ. ಇಂಡಿ ತಾಲೂಕಿನ ನಮ್ಮೂರಿಗೆ ಭೀಮಾ ಹೊಳೆ ಕೂಗಳತೆಯ ದೂರ. ಮಳೆಗಾಲದ ರಾಡಿ ಇಳಿದ ಮೇಲೆ ನೀರು ತಿಳಿಯಾಗಿ, ಬಂಡೆಗಳ ನಡುವೆ ಮೀನಿನ ಬೆನ್ನು ಕಾಣತೊಡಗಿತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮತ್ತೆ ಮುಂಗಾರು ಬೀಳುವ ತನಕ ನಮ್ಮದೇ ರಾಜ್ಯ.

ನನ್ನದು ಬೈಕ್ ರಿಪೇರಿ ಅಂಗಡಿ. ಮೀನು ಹೊಡೆಯುವ ಭರ್ಜಿಗಳು ತಯಾರಾಗುವುದೂ ಅಲ್ಲೇ. ಹಳೆಯ ಸೈಕಲ್ಲಿನ ಮೂರು ಕಡ್ಡಿಗಳನ್ನು ಚೂಪು ಮಾಡಿ, ಬಿದಿರಿನ ಕೋಲಿನ ತುದಿಗೆ ತಂತಿಯಿಂದ ಬಿಗಿದರೆ ಆಯಿತು. ಕೋಲು ಹಿಡಿಯುವವರ ಹಣೆಯ ಎತ್ತರಕ್ಕಿರಬೇಕು. ಓಣಿಯ ಮಕ್ಕಳು ವರ್ಷಕ್ಕೊಮ್ಮೆ ಅಂಗಡಿಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾರೆ, ನಾನು ಅಳತೆ ನೋಡಿ ಹೊಸ ಕೋಲು ಕಡಿಯುತ್ತೇನೆ. ಗಿಡ್ಡಾದವು ಚಿಕ್ಕವರಿಗೆ ಹೋಗುತ್ತವೆ. ಆದರೆ ನಮ್ಮಲ್ಲೊಂದು ಪದ್ಧತಿಯಿದೆ. ಮೊದಲ ಮೀನು ಬೀಳುವ ತನಕ ಭರ್ಜಿ ಅಂಗಡಿಯದು, ಸಂಜೆ ತಂದು ಮೂಲೆಗೆ ನಿಲ್ಲಿಸಬೇಕು. ಮೀನು ಬಿದ್ದ ದಿನ ಅದು ಹೊಡೆದವರದು, ಮನೆಗೆ ಒಯ್ಯಬಹುದು.

ಅಕ್ಕನ ಮಗಳು ಲಂಗ ಎತ್ತಿ ಕಟ್ಟಿಕೊಂಡು ನನ್ನ ಹಿಂದೆ ಬರತೊಡಗಿದಾಗ ಇನ್ನೂ ಮೂರನೆಯ ತರಗತಿ. ಅಂದಿನಿಂದ ಆಕೆಗೆ ಒಂದು ಮೀನೂ ಬಿದ್ದಿರಲಿಲ್ಲ. ಆಕೆಯ ತಮ್ಮನ ಭರ್ಜಿ ಮಾತ್ರ ಮನೆಯ ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ ನಿಂತಿತ್ತು. ಕಳೆದ ಬೇಸಿಗೆ ಮುಗಿಯುವ ಹೊತ್ತಿಗೆ ಆಕೆ ಕಾಲೇಜಿಗೆಂದು ಸಿಂದಗಿಯ ಹಾಸ್ಟೆಲಿಗೆ ಹೊರಟು ನಿಂತಳು. ಉಳಿದದ್ದು ಒಂದೇ ಭಾನುವಾರ. ಹಿಂದಿನ ದಿನ ನಾನೇ ಮೂಲೆಯಲ್ಲಿದ್ದ ಆಕೆಯ ಭರ್ಜಿಯನ್ನು ಎತ್ತಿ ಮುಂದೆ ಚಾಚಿದೆ.

“ಭರ್ಜಿ ಒಯ್ಯವಾ. ಯಾರ್ ಕೇಳಾವ್ರು ನಿನ್ನ?” ಅಂದೆ.

“ಬ್ಯಾಡ ಮಾಮಾ. ಹೊಡದ ಒಯ್ತೇನಿ. ಇಲ್ಲಂದ್ರ ಇಲ್ಲೇ ಇರಲಿ,” ಅಂದಳು.

ಮೊಂಡುತನದಲ್ಲಿ ಅವ್ವನಿಗೆ ತಕ್ಕ ಮಗಳು.

ಬಿಸಿಲು ನೆತ್ತಿಗೇರಿದಾಗ ಹೊಳೆಯಲ್ಲಿದ್ದೆವು. ಆಗಲೇ ತಳ ಚೆನ್ನಾಗಿ ಕಾಣುವುದು. ಮೀನು ಮಾತ್ರ ಕಂಡಲ್ಲಿ ಇರುವುದಿಲ್ಲ. ನೀರು ಅದನ್ನು ಮೇಲಕ್ಕೆತ್ತಿ ತೋರಿಸುತ್ತದೆ. ಕಂಡದ್ದಕ್ಕೇ ಗುರಿ ಹಿಡಿದರೆ ಭರ್ಜಿ ಮೀನಿನ ಬೆನ್ನ ಮೇಲಿಂದ ಹಾದುಹೋಗುತ್ತದೆ. ಅದಕ್ಕೇ ಮೊದಲ ದಿನವೇ ಎಲ್ಲರಿಗೂ ನನ್ನ ಪಾಠ, ಕಂಡ ಮೀನಿಗಿಂತ ಒಂದು ಗೇಣು ಕೆಳಗೆ ಹೊಡೆಯಿರಿ. ನಾನೂ ಆಕೆಯ ತಮ್ಮನೂ ಮೊಣಕಾಲುದ್ದದ ನೀರಿನಲ್ಲಿ ನಿಂತು ಹಾಗೇ ಹೊಡೆಯುತ್ತಿದ್ದೆವು, ಬೀಳುತ್ತಲೂ ಇದ್ದವು. ಸಣ್ಣವಳಿದ್ದಾಗ ಆಕೆಯೂ ನೀರಿನಲ್ಲೇ ನಿಲ್ಲುತ್ತಿದ್ದಳು, ಆದರೆ ಕೈಗೆ ಬಲ ಸಾಲುತ್ತಿರಲಿಲ್ಲ; ಎರಡು ವರ್ಷದಿಂದ ಬಂಡೆಯ ಮೇಲೆ ನಿಲ್ಲುತ್ತಿದ್ದಳು. ಉದ್ದ ಕೋಲು, ಉದ್ದ ಕೈ, ಮೇಲಿನಿಂದಲೇ ನಿಲುಕುತ್ತಿತ್ತು.

ಒಂದು ತಪ್ಪಿತು. ಇನ್ನೊಂದೂ ತಪ್ಪಿತು. ನನಗೆ ಸಿಟ್ಟು ಬರತೊಡಗಿತು. ಆಕೆಯ ಮೇಲೋ, ಮೀನಿನ ಮೇಲೋ ಗೊತ್ತಿಲ್ಲ.

“ಅಕ್ಕಾ, ನಿನ್ನ ನೋಡಿದ್ರ ಮೀನ ಓಡೂದ ಬಿಟ್ಟು ಆರಾಮ ಮಲಗ್ತಾವ ನೋಡ,” ಅಂದ ತಮ್ಮ.

ಆಕೆ ಭರ್ಜಿಯನ್ನು ಸುಮ್ಮನೆ ನೀರಿಗಿಳಿಸಿ, ತಳದ ಒಂದು ಬಿಳಿ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮೀನು ಹಿಡಿಯುವ ಹೊತ್ತಿನಲ್ಲಿ ಕಲ್ಲಾಟವೇನು ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯ ಬಂಡೆಯ ಬುಡದಿಂದಲೇ ಕೊರವ ಮೀನು ಹೊರಬಂತು. ಹಾವಿನಂಥ ತಲೆ, ನನ್ನ ಮುಂಗೈಯಷ್ಟು ದಪ್ಪ. ಬಂದದ್ದು ಹಾಗೇ ನಿಂತಿತು.

“ಒಂದ್ ಗೇಣ ಕೆಳಗ,” ಪಿಸುಗುಟ್ಟಿದೆ. ಆಕೆ ಅಲುಗಲಿಲ್ಲ. “ಗೇಣ ಕೆಳಗ ಅಂದ್ನೆಲ್ಲ.”

“ಮಾಮಾ, ನೀ ಸುಮ್ಮನಿರು.”

ಇಷ್ಟು ವರ್ಷದಲ್ಲಿ ಆಕೆ ನನಗೆ ಹಾಗೆ ಅಂದದ್ದು ಅದೇ ಮೊದಲು. ಭರ್ಜಿ ಇಳಿಯಿತು. ನೀರು ಕಲಕಿಹೋಯಿತು, ಕೋಲು ಗಡಗಡ ನಡುಗಿತು, ಆಕೆ ಬಂಡೆಯ ಮೇಲೆ ಮಂಡಿಯೂರಿ ಇಡೀ ಮೈಭಾರ ಹಾಕಿ ಒತ್ತಿ ಹಿಡಿದಳು. ತಮ್ಮ ತನ್ನ ಭರ್ಜಿ ಬಿಸಾಕಿ ಓಡಿ ಹೋಗಿ ಮೀನನ್ನು ಎರಡೂ ಕೈಯಿಂದ ತಬ್ಬಿದ. ನಾನು ಕೂಗಿದ ಕೂಗಿಗೆ ಆಚೆ ದಂಡೆಯ ಎಮ್ಮೆಗಳು ಕತ್ತೆತ್ತಿದವಂತೆ. ಕಣ್ಣಲ್ಲಿ ನೀರು ಬಂದಿತ್ತು. ಹೊಳೆಯ ನೀರೆಂದು ಸುಳ್ಳು ಹೇಳಿದೆ.

“ಎಷ್ಟ ಕೆಳಗ ಹೊಡದಿ?” ಉಸಿರು ತಿರುಗಿದ ಮೇಲೆ ಕೇಳಿದೆ.

“ಬರೇ ಎರಡ ಬೆರಳ ಮಾಮಾ. ಕಲ್ಲಿಗೆ ಹಚ್ಚಿ ನೋಡಿದ್ನೆಲ್ಲ? ನೀರಾಗ ನಿಂತು ಓರೆ ನೋಡಿದ್ರ ನಿನ್ನ ಗೇಣ ಖರೇನ ಐತಿ. ಇಲ್ಲಿ ನಿಂತು ನೆಟ್ಟಗ ಕೆಳಗ ನೋಡಿದ್ರ ಅಷ್ಟ ಬೇಕಾಗಂಗಿಲ್ಲ.” ನನಗೆ ಬೇಸರವಾದೀತೆಂದೋ ಏನೋ, ಮೆಲ್ಲಗೆ ಸೇರಿಸಿದಳು: “ನೀ ಹೇಳಿದ್ದ ತಪ್ಪಲ್ಲ. ಅದು ನಾ ಸಣ್ಣಾಕಿ ಇದ್ದಾಗ ಹೇಳಿದ್ದು.”

ಬಂಡೆ ಹತ್ತಿದ ಮೇಲೆ ನನ್ನ ಮಾತನ್ನು ಕೇಳದ ಹುಡುಗರೆಲ್ಲ ಹೇಗೋ ಹೊಡೆದುಕೊಂಡಿದ್ದರು. ಕೇಳಿದವಳು ಈಕೆಯೊಬ್ಬಳೇ. ವರ್ಷ ವರ್ಷ ಗೋಡೆಗೆ ನಿಲ್ಲಿಸಿ ಕೋಲು ಉದ್ದ ಮಾಡಿದ್ದೆ, ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದೆ.

ಸಂಜೆ ಆಕೆ ಅಂಗಡಿಯ ಮುಂದಿನಿಂದ ಹಾದು, ಭರ್ಜಿ ಹೆಗಲ ಮೇಲಿಟ್ಟುಕೊಂಡು ಸೀದಾ ಮನೆಗೆ ನಡೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಕೋಲು ಆಗಲೇ ಆಕೆಯ ಹಣೆಗಿಂತ ಗಿಡ್ಡಾಗಿತ್ತು.