ಕನಕಾಂಬರಕ್ಕೆ ನೀರು ತಾಕಬಾರದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಿಡಕ್ಕೆ ನೀರು ಹಾಕುವ ಹೊತ್ತು ಒಂದು ದಿನವೂ ತಪ್ಪುತ್ತಿರಲಿಲ್ಲ. ಅಪ್ಪನ ಕಟ್ಟಳೆ ಹಾಗಿತ್ತು. ಬಿಸಿಲು ಹಿತ್ತಲ ಗೋಡೆ ಇಳಿಯುವ ಮೊದಲೇ ಬಾವಿಯಿಂದ ನೀರು ಸೇದಬೇಕು, ಹೂವಿನ ಸಾಲಿನ ಬುಡಬುಡಕ್ಕೆ ಹಾಕಬೇಕು, ಬಿಂದಿಗೆಯನ್ನು ಬೋರಲು ಹಾಕಬೇಕು. ಆಮೇಲೆಯೇ ರೊಟ್ಟಿಯ ತಟ್ಟೆ. ಮನೆಗೆ ನೆಂಟರು ಬಂದರೂ, ಅಂದು ಪರೀಕ್ಷೆಯಿದ್ದರೂ ಅದೇ ನಿಯಮ. ನನಗೆ ಅದರ ಮೇಲೆ ದೂರಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ ಭಾರವಾಗುವುದಿಲ್ಲ. ಆದರೆ ಒಂದು ದಿನ, ಗಿಡದ ಮೇಲೆ ಒಂದು ಹನಿ ನೀರೂ ಬೀಳದಂತೆ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಹೆದರಿದ ದಿನ ಇನ್ನೊಂದು ನೆನಪಿಲ್ಲ.

ಆಗ ಹೆಬ್ಬಾಳದ ಹತ್ತಿರದ ನಮ್ಮ ಈ ಸಿಂಗಾಪುರ ಇನ್ನೂ ಹಳ್ಳಿ. ಮಕ್ಕಳೇ, ಈಗ ನೀವು ಸೈಕಲ್ ಹೊಡೆಯುವ ಅಡ್ಡರಸ್ತೆಗಳಿರುವಲ್ಲಿ ರಾಗಿ ಹೊಲಗಳಿದ್ದವು. ನಮ್ಮ ಹಿತ್ತಲಲ್ಲಿ ಒಂದು ಸಾಲು ಕನಕಾಂಬರ ಇತ್ತು. ಅಜ್ಜಿ ಮದುವೆಯಾಗಿ ಬಾಗಲೂರಿನಿಂದ ಬರುವಾಗ ಅದರ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದಳಂತೆ. ಪೇಟೆಯ ಕನಕಾಂಬರ ಮಾಸಲು ಕೇಸರಿ. ನಮ್ಮದು ಊದಿದ ಕೆಂಡದ ಬಣ್ಣ. ಅದಕ್ಕೆ ವಾಸನೆಯಿಲ್ಲ, ತೂಕವಿಲ್ಲ. ಹಿಡಿ ತುಂಬ ಇಟ್ಟುಕೊಂಡರೂ ಅಂಗೈಗೆ ಗೊತ್ತಾಗದು. ಅಜ್ಜಿ ದಿನ ಬಿಟ್ಟು ದಿನ ಹೂ ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ದೇವರ ಪಟಕ್ಕೆ, ಅಮ್ಮನಿಗೆ, ಅಕ್ಕನಿಗೆ, ಪಕ್ಕದ ಮನೆಯ ದೊಡ್ಡಮ್ಮನಿಗೆ ಒಂದೊಂದು ತುಂಡು ಕೊಡುತ್ತಿದ್ದಳು. ತಾನು ಮಾತ್ರ ಮುಡಿಯುತ್ತಿರಲಿಲ್ಲ. ತಾತ ತೀರಿಹೋಗಿದ್ದರು. ಗಂಡನಿಲ್ಲದ ಹೆಂಗಸು ಹೂ ಮುಡಿಯಬಾರದೆನ್ನುವ ಕಾಲ ಅದು. ಯಾಕಜ್ಜಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ನಂಗ್ಯಾಕಪ್ಪ, ಕಟ್ಟೋವಾಗ ಕೈ ತುಂಬಾ ಇರ್ತದಲ್ಲ” ಎಂದಿದ್ದಳು.

ಆ ವರ್ಷ ಸಾಲಿಗೆ ರೋಗ ಬಿತ್ತು. ಎಲೆ ಹಳದಿಯಾಗಿ ಗಿಡಗಳು ನಿಂತಲ್ಲೇ ಸೊರಗಿದವು. ಅಪ್ಪ ಒಂದನ್ನು ಕಿತ್ತು ತೋರಿಸಿದರು. ಬೇರಿನ ತುಂಬ ಸಾಬಕ್ಕಿಯಂಥ ಗಂಟುಗಳು. ಬಾವಿಕಟ್ಟೆಯ ಪಕ್ಕದ ಒಂದೇ ಗಿಡ ಉಳಿಯಿತು, ಅದರ ಕೆಳಗಿನ ಎಲೆಗಳೂ ಹಳದಿ ತಿರುಗಿದ್ದವು. ಅಜ್ಜಿ ಅದರ ಕಡ್ಡಿ ಮುರಿದು ನೆಟ್ಟು ನೋಡಿದಳು. ಕೊಳೆತುಹೋದವು. ಬಾಗಲೂರಿನ ಅವಳ ತವರಿನಲ್ಲಿ ಹೂವಿನ ಸಾಲಿದ್ದ ಕಡೆ ದನದ ಕೊಟ್ಟಿಗೆ ಎದ್ದು ಬಹಳ ಕಾಲವಾಗಿತ್ತು. ಹಾಗಾಗಿ ಈ ಗಿಡ ಸಾಯುವ ಮೊದಲು ಬೀಜ ಕೊಡಬೇಕಿತ್ತು. ಕೊಡದಿದ್ದರೆ ಆ ಬಣ್ಣ ಅಲ್ಲಿಗೆ ಮುಗಿಯಿತು.

ಬೀಜ ಬೇಕೆಂದರೆ ಹೂ ಕೀಳಬಾರದು. ಅಜ್ಜಿ ಹೂಗಳನ್ನು ಗಿಡದಲ್ಲೇ ಬಿಟ್ಟಳು. ಅಕ್ಕನ ಜಡೆ ಯುಗಾದಿಗೂ ಬೋಳಾಗಿತ್ತು. ಹೂ ಉದುರಿದ ಮೇಲೆ ತೆನೆಯಲ್ಲಿ ಸಣ್ಣ ಸಣ್ಣ ಕಾಯಿ ಕಟ್ಟಿದವು, ಬುಡದಿಂದ ತುದಿಗೆ ಒಂದೊಂದಾಗಿ ಕಂದು ತಿರುಗಿದವು. ಇಲ್ಲಿ ಒಂದು ಮಾತನ್ನು ನೀವು ತಿಳಿದಿರಬೇಕು. ಒಣಗಿದ ಕನಕಾಂಬರದ ಕಾಯಿಗೆ ನೀರು ತಾಕಿದರೆ ಅದು ಪಟಾಕಿಯಂತೆ ಚಟ್ಟೆಂದು ಸಿಡಿಯುತ್ತದೆ. ಬೀಜ ಎಲ್ಲೋ ಹಾರಿ ಮಣ್ಣಿನಲ್ಲಿ ಮಣ್ಣಾಗುತ್ತದೆ. ಆ ರೋಗದ ಮಣ್ಣಿಗೆ ಬಿದ್ದ ಬೀಜ ನಮಗೆ ಸಿಕ್ಕುವಂತಿರಲಿಲ್ಲ, ಸಿಕ್ಕಿದರೂ ಬದುಕುವಂತಿರಲಿಲ್ಲ.

ಬೇಸಿಗೆ ರಜೆ. ಭರಣಿ ಮಳೆಯ ಕಾಲ. ಅಮ್ಮ ನಮ್ಮ ತಮ್ಮನನ್ನು ಹೆತ್ತು ತನ್ನ ತವರಿನಲ್ಲಿದ್ದಳು. ಅಂದು ಬೆಳಿಗ್ಗೆ ಅಜ್ಜಿ ಕಾಯಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಾಗ, ಅವಳ ಅಣ್ಣನಿಗೆ ಮೈ ಹುಷಾರಿಲ್ಲವೆಂದು ಬಾಗಲೂರಿನಿಂದ ಹೇಳಿಕಳಿಸಿದರು. ಅಪ್ಪ ಗಾಡಿ ಕಟ್ಟಿದರು. ಅಜ್ಜಿ ಗಿಡದ ಹತ್ತಿರದಿಂದ ಏಳಲಾರದೆ ಎದ್ದಳು.

“ತುದಿ ಕಾಯಿ ಇನ್ನೂ ಅಸಿ ಐತೆ. ಈಗ್ಲೇ ಕುಯ್ದ್ರೆ ಬರೀ ಜೊಳ್ಳು. ಇವತ್ತೊಂದು ಬಿಸ್ಲು ಕುಡೀಲಿ, ಸಂಜೆ ಬಂದು ನಾನೇ ಕುಯ್ತೀನಿ” ಎಂದು ನನ್ನ ಗಲ್ಲ ಹಿಡಿದಳು. “ಒಂದ್ ಅನಿ ನೀರು ಸೋಕಿದ್ರೂ ಓಯ್ತು. ನೀನು ಇಲ್ಲಿಂದ ಅಲ್ಲಾಡ್‌ಬ್ಯಾಡ. ತಿಳೀತಾ?”

ಅಪ್ಪ ನೊಗದ ಹತ್ತಿರ ನಿಂತು, “ಇವತ್ತು ನೀರ್ ಹಾಕೋ ಕೆಲ್ಸ ಇಲ್ಲ” ಎಂದರು. ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಬಾವಿಕಟ್ಟೆಯ ಮೇಲೆ ಕೂತೆ. ಬೋರಲು ಬಿದ್ದ ಬಿಂದಿಗೆಯನ್ನು ನೋಡಿದರೂ ಭಯ, ಹಗ್ಗದ ತುದಿಯಿಂದ ತೊಟ್ಟಿಕ್ಕುವ ಹನಿಯನ್ನು ಕಂಡರೂ ಭಯ. ಹಗ್ಗವನ್ನು ಸುತ್ತಿ ಆಚೆ ಗೋಡೆಗೆ ನೇತುಹಾಕಿ ಬಂದೆ. ಬಿಸಿಲು ಏರಿತು. ಕಾಯಿಗಳು ನನ್ನ ಕಣ್ಣೆದುರೇ ಒಣಗುತ್ತಿರುವಂತೆ ಅನ್ನಿಸಿತು. ಮಣ್ಣಿನಿಂದ ಕಾದ ವಾಸನೆ ಬರುತ್ತಿತ್ತು. ಅಕ್ಕ ಮಜ್ಜಿಗೆ ತಂದುಕೊಟ್ಟು, “ಏನ್ ದೊರೆ, ಕಾವಲಾ? ಅದೇನು ಓಡೋಗ್ತದಾ?” ಎಂದಳು. ನನಗೆ ನಗು ಬರಲಿಲ್ಲ. ಲೋಟದಿಂದ ಮಜ್ಜಿಗೆ ತುಳುಕೀತೆಂದು ಹತ್ತು ಹೆಜ್ಜೆ ಆಚೆ ಹೋಗಿ ಕುಡಿದು ಬಂದೆ.

ತಿರುಗಿ ನೋಡುತ್ತೇನೆ, ಪಕ್ಕದ ಮನೆಯ ದೊಡ್ಡಮ್ಮ ಬೇಲಿ ಸಂದಿಯಿಂದ ಒಳಗೆ ಬಂದು ಗಿಡದ ಮುಂದೆ ನಿಂತಿದ್ದಾರೆ. ಕೈಯಲ್ಲಿ ಅಕ್ಕಿ ತೊಳೆದ ನೀರಿನ ಚೊಂಬು. ಅದನ್ನು ಪ್ರೀತಿಯಿಂದ ಗಿಡದ ತಲೆಯ ಮೇಲೆ ಬಗ್ಗಿಸುತ್ತಿದ್ದಾರೆ!

ನಾನು ಕೂಗಿದ ಕೂಗಿಗೆ ಕೋಳಿಗಳು ಚೆದುರಿದವು. ಓಡಿಹೋಗಿ ಅವರ ಕೈಗೆ ಜೋತುಬಿದ್ದೆ. ನೀರೆಲ್ಲ ನನ್ನ ಚಡ್ಡಿಯ ಮೇಲೆ ಚೆಲ್ಲಿತು.

“ಅಯ್ಯೋ, ಏನ್ ಬಂತೋ ನಿಂಗೆ! ಪಾಪ, ಬಾಯಾರ್ಕಂಡು ಬಾಡೋಗೈತೆ ಅಂತ ತಂದೆ. ಗಿಡಕ್ಕೆ ನೀರಾಕ್‌ಬ್ಯಾಡಿ ಅನ್ನೋ ಉಡುಗನ್ನ ಇವತ್ತೇ ಕಣಪ್ಪ ನೋಡಿದ್ದು!”

ಬೀಜದ ವಿಷಯ ಹೇಳಿದೆ. ಅವರು ಆಕಾಶ ನೋಡಿ, ಖುಷಿಯಿಂದ, “ನಾನ್ ಬುಟ್ರೂ ಅದು ಬಿಡಲ್ಲ ಬಿಡು. ಭರಣಿ ಸುರಿದ್ರೆ ಧರಣಿ ಬದುಕೀತು” ಎಂದು ಹೊರಟರು.

ನಾನೂ ತಲೆಯೆತ್ತಿದೆ. ಕೆರೆಯ ಆಚೆ, ಹೆಬ್ಬಾಳದ ದಿಕ್ಕಿನಲ್ಲಿ, ಕಬ್ಬಿಣದ ಬಾಣಲೆಯ ತಳದಂಥ ಮೋಡ ಎದ್ದಿತ್ತು. ಊರಿಗೆ ಊರೇ ಕಾಯುತ್ತಿದ್ದ ಮಳೆ ಅದು. ಅದು ಬರದಿದ್ದರೆ ಹೊಲ ಉಳುವಂತಿರಲಿಲ್ಲ. ಅಂಥ ಮಳೆಯನ್ನು ಸಂಜೆಯವರೆಗೆ ಬರಬೇಡ ಎಂದು ಬೇಡಿಕೊಂಡವನು ಸಿಂಗಾಪುರದಲ್ಲಿ ನಾನೊಬ್ಬನೇ ಇರಬೇಕು. ಹಾಗೆ ಬೇಡಿಕೊಳ್ಳುವುದು ಪಾಪವೇನೋ ಎನ್ನುವ ಹೆದರಿಕೆಯೂ ಸೇರಿಕೊಂಡಿತು.

ಗಾಳಿ ಎದ್ದಿತು. ಹುಣಸೆಮರ ಎಲೆ ಮಗುಚಿ ಬಿಳಿಚಿಕೊಂಡು ಅತ್ತಿತ್ತ ತೂಗಿತು. ಅಕ್ಕ ಹೊರಗೆ ಓಡಿಬಂದಳು.

“ಅಕ್ಕ, ಕುಯ್ದುಬಿಡೋಣ.”

“ಅಜ್ಜಿ ಬೇಡ ಅಂದವ್ಳಲ್ಲೋ. ತುದಿ ನೋಡು, ಇನ್ನೂ ಅಸಿರು.”

“ಮಳೆ ಬಂದ್ರೆ?”

ಕುಯ್ದರೆ ಜೊಳ್ಳು, ಬಿಟ್ಟರೆ ಬಯಲು. ಅಕ್ಕ ಕೊಟ್ಟಿಗೆಯಿಂದ ಮಂಕರಿ ತಂದು ಬೋರಲು ಹಾಕಿ ನೋಡಿದಳು. ಗಿಡ ಅದಕ್ಕಿಂತ ಎತ್ತರ, ತೆನೆಗಳು ಮುರಿಯುವಂತಾದವು. ನಾನು ಗೋಣಿಚೀಲ ಹೊದಿಸಿದೆ. ಗಾಳಿ ಅದನ್ನು ಎತ್ತಿ ಬೇಲಿಯ ಮೇಲೆ ಒಗೆಯಿತು. ಅಷ್ಟರಲ್ಲಿ ಹೆಂಚಿನ ಮೇಲೆ ಟಪ್ ಎಂದು ಮೊದಲ ಹನಿ. ಎರಡನೆಯದು ನನ್ನ ಮೂಗಿನ ಮೇಲೆ. ಇನ್ನೊಂದು ಗಿಡದ ಮೇಲೆ ಬಿತ್ತು. ಚಟ್! ನನ್ನ ಕಿವಿಯ ಪಕ್ಕದಲ್ಲಿ ಏನೋ ಹಾರಿಹೋಯಿತು. ಒಂದು ಕಾಯಿ ಬಾಯಿ ಬಿಟ್ಟು ಖಾಲಿಯಾಗಿತ್ತು.

ಅಕ್ಕ ಓಡಿಹೋಗಿ, ತಂತಿಯ ಮೇಲೆ ಒಣಗಿದ್ದ ಅಜ್ಜಿಯ ಬಿಳಿ ಸೀರೆಯನ್ನು ಎಳೆದು ತಂದಳು. ಒಗೆದು ಒಗೆದು ಮೆತ್ತಗಾದ ಸೀರೆ ಅದು. ಮಗುವಿಗೆ ಕುಲಾವಿ ಕಟ್ಟುವಂತೆ ಗಿಡದ ತಲೆಯಿಂದ ಬುಡದವರೆಗೆ ಮಡಿಕೆ ಮಡಿಕೆಯಾಗಿ ಸುತ್ತಿ, “ಅಗ್ಗ ಕೊಡೋ, ಬೇಗ!” ಎಂದಳು. ನಾನು ಗೋಡೆಯ ಬಾವಿಹಗ್ಗ ತಂದೆ. ಇಬ್ಬರೂ ಸೇರಿ ಬುಡದಲ್ಲಿ ಬಿಗಿದೆವು. ಗಂಟು ಜಾರದಂತೆ ನಾನು ಎರಡೂ ಕೈಯಲ್ಲಿ ಹಿಡಿದು ಕೂತೆ.

ಸೀರೆ ಮಳೆಯನ್ನು ತಡೆಯುತ್ತದೆಂದು ನಾನು ನಂಬಿದ್ದೆ. ಆ ನಂಬಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಮಳೆ ಒಮ್ಮೆಲೇ ಸುರಿಯಿತು. ಸೀರೆ ತೊಯ್ದು ಗಿಡಕ್ಕೆ ಅಂಟಿಕೊಂಡಿತು. ಆಗ ಒಳಗಿನಿಂದ ಸದ್ದು ಶುರುವಾಯಿತು. ಚಟ್. ಚಟ್. ಚಟಚಟಚಟ. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ. ನನ್ನ ಬೆರಳುಗಳಿಗೆ ಆ ಒಂದೊಂದು ಸಿಡಿತವೂ ಬಟ್ಟೆಯೊಳಗಿಂದ ತಾಗುತ್ತಿತ್ತು.

“ಅಕ್ಕಾ, ಓಯ್ತು! ಎಲ್ಲಾ ಓಯ್ತು!”

“ಗಂಟು ಬಿಡ್ಬೇಡ! ಅಳು ಬೇಕಾದ್ರೆ, ಗಂಟು ಮಾತ್ರ ಬಿಡ್ಬೇಡ!”

ಅಳುತ್ತಲೇ ಹಿಡಿದುಕೊಂಡಿದ್ದೆ. ಮಳೆ ನಿಂತ ಮೇಲೂ ಬಿಡಲಿಲ್ಲ. ಬಿಚ್ಚಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಜ್ಜಿಗೆ ಏನೆಂದು ಹೇಳುವುದು? ಗಾಡಿಯ ಗಂಟೆಯ ಸದ್ದು ಕೇಳಿದಾಗ ನನ್ನ ಕೈ ಮರಗಟ್ಟಿತ್ತು.

ಅಜ್ಜಿ ನೆನೆದು ತೊಪ್ಪೆಯಾಗಿದ್ದಳು. ಮನೆಯೊಳಗೆ ಹೋಗದೆ ನೇರ ಹಿತ್ತಲಿಗೆ ಬಂದಳು. ನನ್ನನ್ನು ನೋಡಿದಳು, ಸೀರೆಯ ಮೂಟೆಯನ್ನು ನೋಡಿದಳು. ಮಂಡಿಯೂರಿ ಕೂತು ಹಗ್ಗ ಸಡಿಲಿಸಿದಳು. ಕುಡುಗೋಲಿನಿಂದ ತೆನೆಗಳನ್ನು ಸೀರೆಯೊಳಗೇ ಕುಯ್ದು, ಮಡಿಕೆ ಕೆದರದಂತೆ ಎತ್ತಿ ಜಗಲಿಗೆ ತಂದಳು. ಮೆಲ್ಲಗೆ ಹರವಿದಳು.

ಬೀಜಗಳೆಲ್ಲ ಅಲ್ಲಿದ್ದವು. ನೆನೆದ ಬೀಜಕ್ಕೆ ಲೋಳೆಯಂಥ ಅಂಟು ಬರುತ್ತದೆ. ಸಿಡಿದ ಬೀಜ ಒದ್ದೆ ಬಟ್ಟೆಗೆ ಬಡಿದು ಅಲ್ಲಲ್ಲೇ ಕಚ್ಚಿಕೊಂಡಿತ್ತು. ಒಂದು ಮಡಿಕೆ ಬಿಡಿಸಿದರೆ ಒಂದಿಷ್ಟು, ಇನ್ನೊಂದು ಬಿಡಿಸಿದರೆ ಮತ್ತಷ್ಟು. ಬಿಳಿ ಸೀರೆಯ ತುಂಬ ಕಂದು ಚುಕ್ಕೆ. ತುದಿಯ ಹಸಿ ಕಾಯಿಗಳು ಮಾತ್ರ ಸಿಡಿಯದೆ ಉಳಿದಿದ್ದವು. ಅವು ಹೇಗೂ ಜೊಳ್ಳು.

ಅಜ್ಜಿ ಒಂದು ಬೀಜದ ಮೇಲೆ ಬೆರಳಿಟ್ಟು ಹಾಗೇ ಕೂತಿದ್ದಳು. ಆಮೇಲೆ ಅವಳ ಹೊಟ್ಟೆ ಕುಲುಕಿತು. ನಗುತ್ತಿದ್ದಳು.

“ನನ್ ಸೀರೆ ತುಂಬಾ ಕನಕಾಂಬ್ರ ಮುಡಿಸ್ಬುಟ್ರಲ್ಲೋ ಮಕ್ಳಾ!”

ಅಕ್ಕ ನಕ್ಕಳು. ಅಪ್ಪ ಎತ್ತು ಕಟ್ಟುವ ನೆಪದಲ್ಲಿ ಆ ಕಡೆ ತಿರುಗಿದರು.

ನೆನೆದ ಬೀಜವನ್ನು ಎತ್ತಿಡುವಂತಿಲ್ಲ. ಕತ್ತಲಾಗುವ ಮೊದಲೇ ಬಿತ್ತಬೇಕು. ಅಜ್ಜಿ ಒದ್ದೆ ಬಟ್ಟೆಯನ್ನೂ ಬದಲಿಸದೆ, ತನ್ನ ಅಣ್ಣ ಎದ್ದು ಕೂತು ಗಂಜಿ ಕುಡಿದರೆಂದು ಹೇಳುತ್ತಲೇ, ಬಾಯಿ ಒಡೆದ ಮಡಕೆಗಳನ್ನು ಸಾಲಾಗಿಟ್ಟಳು. ಹಿತ್ತಲ ಮಣ್ಣು ಬೇಡವೆಂದು ಅಪ್ಪ ಹೊಲದ ಮಣ್ಣು ತಂದು, ಮರಳು ಮತ್ತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಬೆರೆಸಿದರು. ಒಂದೊಂದೇ ಬೀಜವನ್ನು ಸೀರೆಯಿಂದ ಬಿಡಿಸಿ ಇಟ್ಟೆವು. ಕೊನೆಯಲ್ಲಿ ಅಪ್ಪ ನನಗೆ ಚೊಂಬು ಕೊಟ್ಟು, “ಈಗ ಹಾಕು” ಎಂದರು. ಬೆರಳಿನಿಂದ ಚಿಮುಕಿಸಿದೆ. ಮೊಳೆಯುತ್ತವೋ ಇಲ್ಲವೋ ಎಂಬ ಚಿಂತೆ ಆಮೇಲೆಯೂ ಎಷ್ಟೋ ದಿನ ಇತ್ತು. ಎಲ್ಲವೂ ಮೊಳೆಯಲಿಲ್ಲ. ಮೊಳೆತವು ಸಾಕಾದವು. ಬಾವಿಕಟ್ಟೆಯ ತಾಯಿಗಿಡ ಆಷಾಢ ಮುಗಿಯುವುದರೊಳಗೆ ಒಣಗಿತು.

ನಿಮ್ಮ ಆರನೇ ಮಹಡಿಯ ಬಾಲ್ಕನಿಯ ಕುಂಡಗಳಲ್ಲಿರುವುದು ಆ ಬೀಜದ ಬೀಜದ ಬೀಜ. ನಿಮ್ಮ ಗಿಡಗಳಿಗೆ ಸಣ್ಣ ಪೈಪಿನಿಂದ ತಾನಾಗಿಯೇ ನೀರು ತೊಟ್ಟಿಕ್ಕುತ್ತದೆ. ಮಳೆ ಯಾವಾಗ ಎಂದು ಮೊಬೈಲ್ ಮೊದಲೇ ಹೇಳುತ್ತದೆ. ನಿಮ್ಮ ಅಮ್ಮ ಮನಸ್ಸು ಬಂದಾಗ ಹೂ ಮುಡಿಯುತ್ತಾಳೆ, ನಾನು ತೀರಿಹೋದ ಮೇಲೂ ತಾನು ಮುಡಿಯುವುದಾಗಿ ನಿಮ್ಮ ಅಜ್ಜಿ ಈಗಲೇ ಹೇಳಿಟ್ಟಿದ್ದಾಳೆ. ಇವೆಲ್ಲ ಒಳ್ಳೆಯದೇ. ಮೊನ್ನೆ ನೀವು ಕತ್ತರಿ ಹಿಡಿದು “ತಾತ, ಈ ಒಣಗಿದ್ದೆಲ್ಲ ಕಟ್ ಮಾಡ್ಲಾ?” ಎಂದಾಗ ನಾನು ಅಷ್ಟು ಜೋರಾಗಿ ಕೂಗಿದ್ದಕ್ಕೆ ಕಾರಣ ಇದೇ.

ಈಗ ನನ್ನ ಚಿಂತೆ ತಿರುಗಿ ನಿಂತಿದೆ. ಅಂದು ಮಳೆ ಬಂದೀತೆಂದು ಹೆದರಿದ್ದೆ. ನಿಮ್ಮ ಬಾಲ್ಕನಿಗೆ ಮೇಲಿನ ಮನೆಯದೇ ಸೂರು, ಮಳೆಯ ಒಂದು ಹನಿಯೂ ಒಳಗೆ ಬೀಳುವುದಿಲ್ಲ. ಪೈಪಿನ ನೀರು ಬುಡಕ್ಕೆ ಹೋಗುತ್ತದೆಯೇ ಹೊರತು ತೆನೆಗೆ ತಾಕುವುದಿಲ್ಲ. ಕಾಯಿಗಳು ಬಾಯಿ ಮುಚ್ಚಿಕೊಂಡು ಕಾಯುತ್ತಿವೆ. ಆ ಹನಿಯನ್ನು ನೀವೇ ಹಾಕಬೇಕು.

ಭಾನುವಾರ ತಿಂಡಿಯಾದ ಕೂಡಲೇ ತೆನೆ ಕುಯ್ಯೋಣ. ಅವನ್ನು ಸುತ್ತಲು ಬಿಳಿ ಪಂಚೆ ತೆಗೆದಿಟ್ಟಿದ್ದೇನೆ, ನೀರಿನ ಲೋಟ ನನ್ನ ಹತ್ತಿರ ಇರುತ್ತದೆ. ಹೊತ್ತಿಗೆ ಸರಿಯಾಗಿ ಬನ್ನಿ. ಕೈ ಒರೆಸಿಕೊಂಡು ಬನ್ನಿ.